ಬಾರ್ನಿ ಟಿಲ್‌ಬ್ರೂಕ್‌ನ ಗುಟ್ಟಿನ ಜಾಗ

ಗ್ಯಾನೆಟ್ ಬೇಯ ಮೂವತ್ತೆರಡು ಬೋಟಿನ ಯಜಮಾನರಲ್ಲಿ ಆ ದಿನ ಮೀನುಗಾರರ ಸಂಘದ ಸಭೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದವನು ಬಾರ್ನಿ ಟಿಲ್‌ಬ್ರೂಕ್ ಒಬ್ಬನೇ. ತಂಗಿಯ ಮೊಮ್ಮಗುವಿನ ನಾಮಕರಣ ಮುಗಿಸಿ ನೇರ ಅಲ್ಲಿಗೆ ಬಂದಿದ್ದ. ಅದೇ ಅವನ ಗ್ರಹಚಾರಕ್ಕೆ ಮೂಲವಾಯಿತು. ಸರ್ಕಾರದ ಮೇಲೆ ಹೂಡಿದ ಕೇಸಿಗೆ ಸಾಕ್ಷಿ ಹೇಳುವವರು ಯಾರು ಎಂಬ ಮಾತು ಬಂದಾಗ, ಅಧ್ಯಕ್ಷ ಕ್ಲೈಡ್ ಹ್ಯಾನಫರ್ಡ್ ಎಲ್ಲರ ಅಂಗಿಗಳನ್ನೂ ಒಮ್ಮೆ ನೋಡಿ ಬಾರ್ನಿಯ ಹೆಗಲ ಮೇಲೆ ಕೈಯಿಟ್ಟ.

ಕೇಸು ಇಷ್ಟೇ. ಕಡಲಲ್ಲಿ ಲಾಬ್‌ಸ್ಟರ್ ಕಡಿಮೆಯಾಗಿದೆ ಎಂದು ಮೀನುಗಾರಿಕೆ ಇಲಾಖೆ ಪ್ರತಿ ಬೋಟು ವರ್ಷಕ್ಕೆ ಹಿಡಿಯಬಹುದಾದ ಕೋಟಾವನ್ನೂ ಅರ್ಧಕ್ಕೆ ಇಳಿಸಿತ್ತು. ಬೇಕಾದಷ್ಟಿದೆ, ಇಲಾಖೆಗೆ ಕಣ್ಣಿಲ್ಲ ಎಂಬುದು ಮೀನುಗಾರರ ವಾದ. ಅರ್ಧ ಕೋಟಾ ಎಂದರೆ ಕ್ರಿಸ್‌ಮಸ್ಸಿಗೆ ಮೊದಲೇ ಬೋಟು ಕಟ್ಟಿಹಾಕಿ ಕೂರಬೇಕು. ಉಳಿದ ತಿಂಗಳುಗಳಿಗೆ ಬಾರ್ನಿಯ ಹೆಂಡತಿ ಗ್ಲೆನಿಸ್ ಆಗಲೇ ಒಂದು ಏರ್ಪಾಡು ಮಾಡಿಟ್ಟಿದ್ದಳು. ಅವಳ ಅಣ್ಣನ ಡೇರಿಯಲ್ಲಿ ನಾನೂರು ಹಸುಗಳಿದ್ದವು, ಹಾಲು ಕರೆಯುವ ಯಂತ್ರ ಹಚ್ಚಲು ಆಳು ಬೇಕಾಗಿತ್ತು. ಮನೆಯೆತ್ತರದ ಅಲೆಗೆ ಹೆದರದ ಬಾರ್ನಿ ಹಸುವನ್ನು ಕಂಡರೆ ಮಾತ್ರ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದ.

ವಿಚಾರಣೆಯ ದಿನ ಕ್ಲೈಡನ ಗಾಡಿಯಲ್ಲಿ ಐದು ಜನ ಒತ್ತಿಕೊಂಡು ಹೊರಟರು, ಮಿಕ್ಕವರು ಹಿಂದೆ. ಒಬ್ಬೊಬ್ಬರದೂ ಒಂದೊಂದು ಸಲಹೆ. ನಿಧಾನ ಮಾತಾಡು ಎಂದು ಒಬ್ಬ, ಜೋರಾಗಿ ಮಾತಾಡು ಎಂದು ಇನ್ನೊಬ್ಬ. ದಾರಿಯಲ್ಲಿ ಮಾಂಸದ ಪೈ ತಿನ್ನಲು ನಿಂತಾಗ, ಕೈ ಎಲ್ಲಿಡಬೇಕೆಂದು ತೋರಿಸಹೋದ ಮೂರನೆಯವನ ಮೊಣಕೈ ತಗುಲಿ ಟೊಮ್ಯಾಟೊ ಸಾಸು ಬಿಳಿ ಅಂಗಿಯ ತುಂಬ ಹರಡಿತು. ಯಾವ ಅಂಗಿಯ ದೆಸೆಯಿಂದ ಸಾಕ್ಷಿಯಾಗಿದ್ದನೋ ಅದನ್ನೇ ಮುಚ್ಚಿಕೊಳ್ಳಲು ಬಾರ್ನಿ ಕ್ಲೈಡನ ಕೋಟು ತೊಡಬೇಕಾಯಿತು. ಅದರಲ್ಲಿ ಇಬ್ಬರು ಬಾರ್ನಿಯರು ಆರಾಮಾಗಿ ಹಿಡಿಸುತ್ತಿದ್ದರು.

ಹೇಳಬೇಕಾದ್ದು ಒಂದೇ ಮಾತು ಎಂದು ಸಂಘದ ವಕೀಲ ತಾಕೀತು ಮಾಡಿದ್ದ: ನಮ್ಮ ಕಡಲಲ್ಲಿ ಲಾಬ್‌ಸ್ಟರ್ ಬೇಕಾದಷ್ಟಿದೆ. ಆದರೆ ಗ್ಯಾನೆಟ್ ಬೇಯಲ್ಲಿ ಹುಟ್ಟಿದವನ ಬಾಯಲ್ಲಿ ಆ ಮಾತು ಹೊರಡುವುದು ಸುಲಭವಲ್ಲ. ಅಲ್ಲಿ ಬೋಟು ಕಟ್ಟುವ ದಕ್ಕೆಯಲ್ಲಿ ಯಾರಾದರೂ ಇವತ್ತು ಹೇಗೆ ಎಂದು ಕೇಳಿದರೆ, ಬೋಟು ಮುಳುಗುವಷ್ಟು ಸಿಕ್ಕಿದ್ದರೂ ಮುಖ ಇಳಿಬಿಟ್ಟು ಏನೂ ಇಲ್ಲ ಎನ್ನಬೇಕು. ಸಿಕ್ಕಿತು ಎಂದವನ ಬೆನ್ನಿಗೆ ಮರುದಿನ ಊರೆಲ್ಲ ಬೀಳುತ್ತದೆ. ಬಾರ್ನಿ ಮೂವತ್ತೊಂದು ವರ್ಷ ಈ ವ್ರತ ಪಾಲಿಸಿದ್ದ.

ಆದರೂ ಸಾಕ್ಷಿಕಟ್ಟೆಯಲ್ಲಿ ಆ ಮಾತನ್ನು ಹೇಗೋ ಉಗುಳಿದ. ಹಿಂದೆ ಕೂತವರು ಉಸಿರುಬಿಟ್ಟರು. ಆಮೇಲೆ ಸರ್ಕಾರದ ವಕೀಲೆ ಶ್ರೀಮತಿ ಪ್ಯಾಸ್ಕೊ ಎದ್ದಳು. ಅವಳೂ ಮೀನುಗಾರನ ಮಗಳೇ ಎಂಬುದು ಯಾರಿಗೂ ತಿಳಿದಿರಲಿಲ್ಲ. ಕಾಗದಗಳನ್ನು ಬದಿಗಿಟ್ಟು, ದಕ್ಕೆಯ ಕಂಬಕ್ಕೆ ಒರಗುವವರಂತೆ ಮೇಜಿಗೆ ಒರಗಿ, ಆಕಳಿಸುತ್ತ ಕೇಳಿದಳು.

"ನಿನ್ನೆ ಹೇಗಿತ್ತು, ಬಾರ್ನಿ?"

"ಏನೂ ಇಲ್ಲಮ್ಮ. ಕಡಲು ಬೋಳಾಗಿ ಕೂತಿದೆ," ಎಂದ ಬಾರ್ನಿ.

ಬಾಯಿಂದ ಬಿದ್ದ ಮೇಲೆ ಏನು ಮಾಡಲಾಗುತ್ತದೆ? ಕ್ಲೈಡ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಎರಡರಲ್ಲಿ ಯಾವುದು ನಿಜ ಎಂದು ನ್ಯಾಯಾಧೀಶರು ಕೇಳಿದರು. ಬಾರ್ನಿ ಬೆವರುತ್ತ ಊರಿನ ವಾಡಿಕೆಯನ್ನು ವಿವರಿಸಿದ.

"ಇದ್ರೂ ಇಲ್ಲ ಅನ್ನೋದು ನಮ್ಮ ಕಡೆ ಪದ್ಧತಿ, ಸ್ವಾಮಿ."

"ಹಾಗಾದ್ರೆ ಇದೆ ಅಂತ ನೀವು ಹೇಳಿದ್ದನ್ನ ನಾವು ಏನಂತ ತಿಳ್ಕೋಬೇಕು?" ಎಂದಳು ಪ್ಯಾಸ್ಕೊ.

ಬಾರ್ನಿಯ ಕಣ್ಣಮುಂದೆ ನಾನೂರು ಹಸುಗಳು ಬಾಲ ಬೀಸುತ್ತ ಸಾಲಾಗಿ ನಿಂತವು. ಅಪ್ಪ ಸಾಯುವಾಗ ಕಿವಿಯಲ್ಲಿ ಹೇಳಿಹೋದ ಗುಟ್ಟೊಂದು ಅವನಲ್ಲಿತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಈಗ ತುಂಬಿದ ಕೋರ್ಟಿನಲ್ಲಿ, ಆಣೆಯ ಮೇಲೆ ಹೇಳಿದ.

"ದೀಪಸ್ತಂಭ ಎಡಕ್ಕೆ ಬಿಟ್ಟು, ನೀರಿನ ಟ್ಯಾಂಕು ಚರ್ಚಿನ ಗೋಪುರದ ಹಿಂದೆ ಮರೆಯಾಗೋವರೆಗೂ ಹೋಗಿ, ಸ್ವಾಮಿ. ಮೂವತ್ತು ಮಾರು ಕೆಳಗೆ ಒಂದು ಕಲ್ಲಿನ ದಿಬ್ಬ ಇದೆ. ಹೋಗಿ ನೋಡ್ಕೊಂಡು ಬನ್ನಿ."

ಹಿಂದೆ ಕೂತ ಊರಿನವರ ಮೂವತ್ತೊಂದು ಪೆನ್ನುಗಳು ಗೀಚುವ ಸದ್ದು ಬಾರ್ನಿಗೆ ಸ್ಪಷ್ಟವಾಗಿ ಕೇಳಿಸಿತು. ಕಾಗದವಿಲ್ಲದವರು ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದರು. ಕ್ಲೈಡ್ ಇನ್ನೊಮ್ಮೆ ಸ್ವಲ್ಪ ನಿಧಾನವಾಗಿ ಹೇಳು ಎಂಬಂತೆ ಸನ್ನೆ ಮಾಡಿದ.

ಇಲಾಖೆಯ ಸಮೀಕ್ಷೆ ಬೋಟು ಆ ಸುತ್ತಮುತ್ತಲೇ ಇತ್ತು. ಊಟದ ಬಿಡುವಿನಲ್ಲಿ ಅದು ದಿಬ್ಬದ ಮೇಲೆ ಕ್ಯಾಮೆರಾ ಇಳಿಸಿತು. ಮಧ್ಯಾಹ್ನ ಬಂದ ಚಿತ್ರಗಳನ್ನು ನೋಡಿ ನ್ಯಾಯಾಧೀಶರೇ ಕನ್ನಡಕ ಒರೆಸಿಕೊಂಡರು. ಕಾಲಿಡಲು ಜಾಗವಿಲ್ಲದಂತೆ ಲಾಬ್‌ಸ್ಟರ್, ಅದರಲ್ಲೂ ಮುಕ್ಕಾಲುಪಾಲು ಹೊಟ್ಟೆಯಡಿ ಮೊಟ್ಟೆ ಹೊತ್ತ ಹೆಣ್ಣುಗಳು.

ಪ್ಯಾಸ್ಕೊ ಇಲಾಖೆಯವರೊಡನೆ ಫೋನಿನಲ್ಲಿ ಮಾತಾಡಿ ಬಂದಳು. ಸಾಕ್ಷಿಯ ಮಾತು ನಿಜ, ಆದ್ದರಿಂದ ಇಲಾಖೆ ಕೋಟಾ ಕಡಿತವನ್ನು ಕೈಬಿಡುತ್ತದೆ ಎಂದಳು. ಆದರೆ ಒಂದು ಷರತ್ತು. ಇಷ್ಟು ಮೊಟ್ಟೆಯಿರುವ ಜಾಗ ಕಾಪಾಡಬೇಕಾದದ್ದು, ಆ ದಿಬ್ಬದ ಸುತ್ತ ಇವತ್ತಿನಿಂದಲೇ ಯಾರೂ ಲಾಬ್‌ಸ್ಟರ್ ಹಿಡಿಯುವ ಬೋನು ಇಳಿಸಕೂಡದು. ಒಪ್ಪಿಗೆಯೇ ಎಂದು ನ್ಯಾಯಾಧೀಶರು ಸಂಘವನ್ನು ಕೇಳಿದರು.

ಬಾರ್ನಿ ಬೇಡ ಎಂದು ತಲೆಯಾಡಿಸಿದ. ಕ್ಲೈಡ್ ತನ್ನ ಅಂಗೈಯನ್ನೊಮ್ಮೆ ಆಸೆಯಿಂದ ನೋಡಿಕೊಂಡ, ನಿಟ್ಟುಸಿರುಬಿಟ್ಟ, ಉಗುಳು ಹಚ್ಚಿ ಅದನ್ನು ಒರೆಸಿದ. ಆಮೇಲೆ ಎದ್ದು ನಿಂತು, ಒಬ್ಬನ ಜಾಗ ಹೋದರೇನು ಎಲ್ಲರ ಕೋಟಾ ಉಳಿಯುತ್ತದಲ್ಲ ಎಂದು ಇಡೀ ಸಂಘದ ಪರವಾಗಿ ಒಪ್ಪಿಗೆ ಕೊಟ್ಟ.

ಸಂಜೆ ದಕ್ಕೆಯಲ್ಲಿ ಹಬ್ಬ. ಬಿಯರ್ ಹರಿಯಿತು, ಬಾರ್ನಿಯನ್ನು ಎತ್ತಿ ಮೆರೆಸಿದರು. ಅಷ್ಟರಲ್ಲಿ ಇಲಾಖೆಯವನೊಬ್ಬ ಬಂದು ಕಂಬಕ್ಕೆ ಫಲಕ ಹೊಡೆದ: 'ಟಿಲ್‌ಬ್ರೂಕ್ ಲಾಬ್‌ಸ್ಟರ್ ಧಾಮ. ಧಾಮದೊಳಗೆ ಬೋನು ಇಳಿಸುವುದು ಅಪರಾಧ.' ಜಾಗಕ್ಕೆ ಒಂದು ಹೆಸರು ಬೇಕಿತ್ತು, ನಿಮ್ಮದೇ ಇರಲಿ ಎಂದು ದೊಡ್ಡವರು ಹೇಳಿದರು ಎಂದು ಬಾರ್ನಿಗೆ ವಿವರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಬಾರ್ನಿ ಮಾತ್ರ ಫಲಕ ನೋಡುತ್ತ ನಿಂತ. ಪೂರ್ತಿ ಕೋಟಾ ಕೈಗೆ ಬಂದಿತ್ತು. ಆದರೆ ಮೂವತ್ತೊಂದು ವರ್ಷ ಆ ಒಂದು ದಿಬ್ಬ ಬಿಟ್ಟು ಬೇರೆಲ್ಲೂ ಅವನು ಬೋನು ಇಳಿಸಿದವನಲ್ಲ. ಕಡಲಲ್ಲಿ ಇನ್ನೆಲ್ಲಿ ಏನಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಕ್ಲೈಡನ ಪಕ್ಕಕ್ಕೆ ಹೋದ.

"ಕ್ಲೈಡ್, ನೀನು ಬೋನು ಇಳಿಸೋ ಜಾಗ ಎಲ್ಲಿ ಬರುತ್ತೆ, ಮಾರಾಯ?"

ಕ್ಲೈಡ್ ಆಕಾಶ ನೋಡಿದ. "ನಂದು ಅಂತ ಜಾಗ ಎಲ್ಲಿದೆ, ಬಾರ್ನಿ? ಗಾಳಿ ಎಳಕೊಂಡು ಹೋದ ಕಡೆ ಹಾಕೋದು," ಎಂದ.

ಮಿಕ್ಕ ಮೂವತ್ತು ಜನ ಒಬ್ಬೊಬ್ಬರಾಗಿ ಗಡಿಯಾರ ನೋಡಿಕೊಂಡು, ನಾಳೆ ಬೇಗ ಏಳಬೇಕೆಂದು ಮನೆಗೆ ಹೊರಟರು.