ಒಂಬೈನೂರಾ ಐವತ್ಮೂರು ಕಿಟಕಿಯ ಬೀಗತನ

ಸುಟ್ಟ ಮೋಟಾರಿಗೆ ಮರುಜೀವ ಕೊಡುವುದು ನನ್ನ ವೃತ್ತಿ. ಬೈಲಹೊಂಗಲದಲ್ಲಿ ನಮ್ಮ ಮನೆಯ ಮುಂದಿನ ಖೋಲಿಯೇ ಅಂಗಡಿ. ಸುತ್ತಲಿನ ಹಳ್ಳಿಗಳ ಪಂಪಿನ ಮೋಟಾರುಗಳು ಕಮಟು ವಾಸನೆ ಹೊತ್ತು ಇಲ್ಲಿಗೆ ಬರುತ್ತವೆ, ಹೊಸ ತಾಮ್ರದ ತಂತಿ ಸುತ್ತಿಸಿಕೊಂಡು ಗುಂಯ್ ಎನ್ನುತ್ತ ಹೋಗುತ್ತವೆ. ಮೂವತ್ತು ವರ್ಷ ಈ ಕೆಲಸ ಮಾಡಿದ ಮನುಷ್ಯನಿಗೆ ಇಪ್ಪತ್ನಾಲ್ಕು ಅಕ್ಷರ ಬಾಯಿಪಾಠ ಮಾಡುವುದು ಯಾವ ಗಿಡದ ತಪ್ಪಲು ಎಂದು ನಾನು ತಿಳಿದಿದ್ದೆ.

ಅಕ್ಷರ ಕಲಿಯುವ ಪ್ರಸಂಗ ಬಂದದ್ದು ಮಗಳು ರೂಪಾಳ ಮದುವೆಯಿಂದ. ಅವಳು ಸವದತ್ತಿಯ ಒಂದು ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಆ ಊರಿನವನೇ ಹುಡುಗ ಪ್ರವೀಣ. ಇಬ್ಬರೂ ಮೆಚ್ಚಿಕೊಂಡು, ಇಬ್ಬರ ತಾಯಂದಿರೂ ಫೋನಿನಲ್ಲಿ ಒಪ್ಪಿಕೊಂಡು, ಹಿರಿಯರು ಎದುರು ಬದುರು ಕೂತು ಮಾತಾಡುವುದಷ್ಟೇ ಉಳಿದಿತ್ತು. ಹುಡುಗನ ತಂದೆ ಬಸಲಿಂಗಪ್ಪ ಮಾಸ್ತರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮುಂದಿನ ರವಿವಾರ ಬರುತ್ತೇವೆಂದು ಹೇಳಿ ಕಳಿಸಿದ್ದರು.

ಆಗ ರಾಮದುರ್ಗದಿಂದ ನನ್ನ ಹೆಂಡತಿಯ ತಮ್ಮ ಈರಣ್ಣ ಬಂದು ಕಿವಿಯಲ್ಲಿ ಸೀಸ ಸುರಿದ.

"ಮಾಮಾ, ಆ ಮಾಸ್ತರು ಪ್ರಶ್ನಿ ಕೇಳದ ಚಾ ಸೈತ ಕುಡಿಯಂಗಿಲ್ಲ. ದೊಡ್ಡ ಮಗಗ ಹೆಣ್ಣು ನೋಡಾಕ ನಮ್ಮೂರಿಗೆ ಬಂದಿದ್ರು. ಜೈಪುರದ ಹವಾ ಮಹಲಿಗೆ ಕಿಟಕಿ ಎಷ್ಟು ಅಂತ ಹೆಣ್ಣಿನ ಅಪ್ಪಗ ಕೇಳಿದ್ರು. ಅಂವ ಕಣ್ಣು ಕಣ್ಣು ಬಿಟ್ಟ. ಸಂಬಂಧ ಮುರದ ಹೋತು."

"ಹೆಣ್ಣಿನ ಅಪ್ಪಗ ಯಾಕ ಕೇಳಿದ್ರು?"

"ಮನಿತನದಾಗ ಬುದ್ಧಿ ಎಷ್ಟೈತಿ ನೋಡಾಕಂತ. ದೇಶದ ದೊಡ್ಡ ದೊಡ್ಡ ಸ್ಮಾರಕ, ಇಲ್ಲಾ ವಿಜ್ಞಾನದಾಗ ಬರೂ ಗ್ರೀಕ್ ಅಕ್ಷರ. ಇವೆರಡ ಅವರ ಸಬ್ಜೆಕ್ಟು."

ಹತ್ತನೇ ಇಯತ್ತೆಯಲ್ಲಿ ನಾನು ನಾಪಾಸಾದದ್ದು ವಿಜ್ಞಾನದಲ್ಲೇ. ನನ್ನ ದಡ್ಡತನಕ್ಕೆ ಮಗಳ ಸಂಬಂಧ ಮುರಿಯುತ್ತದೆಂದರೆ ಯಾವ ತಂದೆಗೆ ನಿದ್ದೆ ಬಂದೀತು? ರೂಪಾ ಫೋನಿನಲ್ಲಿ, "ಅಪ್ಪಾ, ಅವ್ರು ಹಂಗ ಇಲ್ಲೋ. ನೀ ಏನೂ ಮಾಡಬ್ಯಾಡ, ಸುಮ್ನ ಕುಂದ್ರು," ಎಂದಳು. ಸುಮ್ಮನೆ ಕೂಡ್ರುವುದು ನನ್ನ ಜಾತಕದಲ್ಲೇ ಇಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ಸಾಮಾನ್ಯ ಜ್ಞಾನದ ಪುಸ್ತಕವೊಂದನ್ನು ತಂದೆ.

ಪುಸ್ತಕದ ಕೊನೆಯಲ್ಲಿ ಗ್ರೀಕ್ ಅಕ್ಷರಗಳು ಸಾಲಾಗಿ ನಿಂತಿದ್ದವು. ಡೆಲ್ಟಾ ಎಂಬ ಹೆಸರು ಕಂಡಾಗ ಮಾತ್ರ ಪರ ಊರಿನಲ್ಲಿ ನಮ್ಮೂರವರು ಸಿಕ್ಕಷ್ಟು ಖುಷಿಯಾಯಿತು. ದಿನಾ ಮೋಟಾರು ಚಾಲೂ ಮಾಡುವ ಸ್ಟಾರ್-ಡೆಲ್ಟಾ ಸ್ಟಾರ್ಟರು ರಿಪೇರಿ ಮಾಡುವವನು ನಾನು. ಗ್ರೀಕರು ನಮ್ಮ ಸ್ಟಾರ್ಟರಿನಿಂದಲೇ ಈ ಹೆಸರು ಎತ್ತಿಕೊಂಡಿರಬೇಕು ಎಂದುಕೊಂಡೆ. ಉಳಿದವಕ್ಕೆ ಗುರುತು ಕಟ್ಟಿದೆ. ಈಟಾ ಅಂದರೆ ಇಟ್ಟಂಗಿ, ಥೀಟಾ ಅಂದರೆ ತಾಟು, ಲ್ಯಾಂಬ್ಡಾ ಅಂದರೆ ಕಾಲು ಚಾಚಿ ನಿಂತ ಲಂಬೂ ಮನುಷ್ಯ. ಕೊನೆಯ ಓಮೆಗಾ ಇಂಗ್ಲಿಷಿನ ಡಬ್ಲ್ಯೂದ ಹಾಗಿತ್ತು. ಅದಕ್ಕೆ ಯಾವ ಗುರುತೂ ಹೊಳೆಯಲಿಲ್ಲ. ಅದನ್ನು ದೇವರಿಗೆ ಬಿಟ್ಟೆ.

ಅಕ್ಷರ ಕಣ್ಣ ಮುಂದೆಯೇ ಇದ್ದರೆ ಬೇಗ ಹತ್ತುತ್ತವೆ ಎಂಬ ಇನ್ನೊಂದು ವಿಚಾರ ಬಂತು. ಅಂಗಡಿಯಲ್ಲಿದ್ದ ಮೋಟಾರುಗಳ ದುಂಡು ಮುಚ್ಚಳದ ಮೇಲೆ ಗಿರಾಕಿಗಳ ಹೆಸರನ್ನು ಸೀಮೆಸುಣ್ಣದ ಖಡುವಿನಿಂದ ಬರೆದಿರುತ್ತೇನೆ. ಆ ಹೆಸರುಗಳನ್ನೆಲ್ಲ ಒರೆಸಿ ಒಂದೊಂದು ಗ್ರೀಕ್ ಅಕ್ಷರ ಬರೆದೆ. ದೊಡವಾಡದ ನಿಂಗಪ್ಪನ ಮೋಟಾರು ಥೀಟಾ, ಅಂದರೆ ಸೊನ್ನೆಗೆ ಅಡ್ಡಗೀಟು. ಎಂ.ಕೆ. ಹುಬ್ಬಳ್ಳಿಯ ಕಬ್ಬಿನ ಗೌಡರ ಮೋಟಾರು ಫೈ, ಅಂದರೆ ಸೊನ್ನೆಗೆ ಉದ್ದಗೀಟು. ಎಷ್ಟು ಚೊಕ್ಕ ವ್ಯವಸ್ಥೆ!

ಮೋಟಾರಿನ ಮೈ ದುಂಡಗಿರುತ್ತದೆ ಎಂಬುದನ್ನು ಮೂವತ್ತು ವರ್ಷದ ಅನುಭವಸ್ಥ ಮರೆತಿದ್ದ. ಕಸ ಹೊಡೆಯಲು ಬಂದ ನನ್ನ ಹೆಂಡತಿ ಶಾಂತಾ ಅವನ್ನು ಕಾಲಿನಿಂದ ಅಷ್ಟಷ್ಟು ಸರಿಸಿದಳು. ಮೋಟಾರು ಕಾಲುಸುತ್ತು ಉರುಳಿದವು. ಥೀಟಾ ಫೈ ಆಯಿತು, ಫೈ ಥೀಟಾ ಆಯಿತು. ಮರುದಿನ ಬಂದ ನಿಂಗಪ್ಪನಿಗೆ ನಾನು ಥೀಟಾ ನೋಡಿ ಕೊಟ್ಟದ್ದು ಗೌಡರ ಮೋಟಾರು; ಅವನು ಅದನ್ನೇ ಗಾಡಿಗೆ ಹಾಕಿಕೊಂಡು ನೆಟ್ಟಗೆ ದೊಡವಾಡ ಮುಟ್ಟಿದ. ಸಂಜೆಗೆ ಅವನ ಫೋನು ಬಂತು.

"ಮಿಸ್ತ್ರಿ, ನನ್ನ ಮೋಟಾರು ಮೂರು ಎಚ್ಪಿದು. ಇದು ಐದು ಎಚ್ಪಿ ಆಗೇತಿ. ನಿಮ್ಮಲ್ಲಿ ಮೇವು ಹಾಕತೀರೇನು?"

ಅದನ್ನು ವಾಪಸು ತರಿಸಿ, ಇನ್ನೂ ಸುತ್ತದೇ ಬಿದ್ದಿದ್ದ ಅವನ ಮೋಟಾರನ್ನು ಸುತ್ತಲು ಕೂತೆ. ಒಂದೊಂದು ಕಾಯಿಲಿಗೆ, ಅಂದರೆ ತಂತಿಯ ಸುರುಳಿಗೆ, ಮೂವತ್ತೇಳು ಸುತ್ತು. ಕೈ ತಂತಿ ಸುತ್ತುತ್ತಿತ್ತು, ಬಾಯಿ ಕುತುಬ್ ಮಿನಾರಿನ ಎತ್ತರ ಎಪ್ಪತ್ಮೂರು ಮೀಟರು ಎಂದು ಜಪಿಸುತ್ತಿತ್ತು. ಕೈ ಬಾಯಿಯ ಮಾತು ಕೇಳಿ ಎಪ್ಪತ್ಮೂರು ಸುತ್ತಿಯೇ ನಿಂತಿತು. ಆ ದಪ್ಪ ಕಾಯಿಲನ್ನು ಒಳಗೆ ತುರುಕಲು ಹೋಗಿ ತಂತಿಯ ಮೈಯೆಲ್ಲ ತರಚಿ, ತಾಮ್ರ ಗುಜರಿಗೆ ಹೋಯಿತು. ನಿಂಗಪ್ಪ ಬಂದು ನೋಡಿ ಏನೂ ಅನ್ನಲಿಲ್ಲ. ನನ್ನ ಹೆಂಡತಿಯನ್ನು ಕರೆದು, "ಅಕ್ಕಾರ, ಮಿಸ್ತ್ರಿಗೆ ಆರಾಮ ಐತೇನ್ರಿ?" ಎಂದು ಕೇಳಿ ಹೋದ.

ರವಿವಾರ ಬಂತು. ರೂಪಾ ಹಿಂದಿನ ದಿನವೇ ಮನೆಗೆ ಬಂದಿದ್ದಳು. ಮಾಸ್ತರು, ಅವರ ಹೆಂಡತಿ, ಪ್ರವೀಣ, ಮೂವರೂ ಬಂದರು. ಈರಣ್ಣ ನನ್ನ ಪಕ್ಕದಲ್ಲಿ ಆಪ್ತ ಕಾರ್ಯದರ್ಶಿಯಂತೆ ಕೂತ. ಮಾಸ್ತರು ತೆಳ್ಳಗಿನ ಮನುಷ್ಯ, ಮಾತು ಮೆತ್ತಗೆ. ನೀರು ಕುಡಿದರು, ಪ್ರಶ್ನೆ ಇಲ್ಲ. ಚಹಾ ಕುಡಿದರು, ಪ್ರಶ್ನೆ ಇಲ್ಲ. ಬಸ್ಸು ರಶ್ ಇತ್ತು ಎಂದರು, ಈ ವರ್ಷ ಜೋಳ ಚಲೋ ಬಂದಿದೆ ಎಂದರು. ನನಗೋ ಗಂಟಲಿನ ತನಕ ಉತ್ತರಗಳು ತುಂಬಿ ಉಸಿರಾಡಲಿಕ್ಕೂ ಸಂದಿ ಇರಲಿಲ್ಲ.

ಮಾಸ್ತರು ಮನೆಯನ್ನು ಸುತ್ತ ನೋಡಿ, "ಕಿಟಕಿ ಚಲೋ ಇಡಿಸೀರಿ..." ಎಂದರು.

"ಒಂಬೈನೂರಾ ಐವತ್ಮೂರು," ಎಂದೆ ನಾನು.

"ಏನ್ರಿ?"

"ಕಿಟಕಿ."

"ಈ ಮನಿಗೆ?"

"ಅಲ್ರಿ, ಜೈಪುರದಾಗ."

ಈರಣ್ಣ ಕೆಮ್ಮಿದ. ಅಷ್ಟರಲ್ಲಿ ಶಾಂತಾ ಒಳಗಿನಿಂದ, "ಏನ್ರಿ, ಊಟಕ್ಕ ತಾಟು ಹಾಕಲೇನು?" ಎಂದಳು.

"ಥೀಟಾ," ಎಂದೆ.

ಮಾಸ್ತರ ಹೆಂಡತಿ ಬೆಚ್ಚಿ ಗಂಡನ ಕಡೆ ಸರಿದು ಕೂತರು. ಆಮೇಲೆ ರೂಪಾಳನ್ನು ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು: "ಯವ್ವಾ, ನಿಮ್ಮಪ್ಪಗ ಯಾವಾಗಿಂದ ಹಿಂಗ? ನಿಮ್ಮ ಮನಿತನದಾಗ ಮತ್ತ ಯಾರಿಗರ ಐತೇನು?"

ರೂಪಾ ತಲೆ ತಗ್ಗಿಸಿದಳು. ಅವಳ ಕಣ್ಣು ತುಂಬಿದವು. ದಡ್ಡ ಎನ್ನಿಸಿಕೊಳ್ಳಬಾರದೆಂದು ಎಂಟು ದಿನ ಒದ್ದಾಡಿ ಹುಚ್ಚ ಎನ್ನಿಸಿಕೊಂಡಿದ್ದೆ. ದಡ್ಡನ ಮಗಳನ್ನಾದರೂ ತಂದುಕೊಳ್ಳುತ್ತಾರೆ, ಹುಚ್ಚನ ಮಗಳನ್ನು ಯಾರು ತಂದುಕೊಳ್ಳುತ್ತಾರೆ? ತಲೆ ನೆಟ್ಟಗಿದೆ ಎಂದು ತೋರಿಸಲೇಬೇಕಿತ್ತು. ಎದ್ದು ನಿಂತು ಕೈ ಕಟ್ಟಿಕೊಂಡು, ಆಲ್ಫಾದಿಂದ ಶುರು ಮಾಡಿ ಒಂದೇ ಉಸಿರಿನಲ್ಲಿ ಹೇಳತೊಡಗಿದೆ. ಈಟಾ ಬರಬೇಕಾದಲ್ಲಿ ಇಟ್ಟಂಗಿ ಬಂತು. ಲ್ಯಾಂಬ್ಡಾ ಬರಬೇಕಾದಲ್ಲಿ "ಲಂಬೂ ಮನುಷ್ಯಾ" ಬಂತು. ಸರಿಯಾಗಿ ಅದೇ ಹೊತ್ತಿಗೆ ನನ್ನ ದೃಷ್ಟಿ ಮಾಸ್ತರ ಮೇಲೆಯೇ ಇತ್ತು, ಮತ್ತು ಅವರು ಆರಡಿ ಎತ್ತರದವರು.

ಶಾಂತಾ ನನ್ನ ತೋಳು ಹಿಡಿದು ಕೂಡ್ರಿಸಿದಳು. ಮಾಸ್ತರು ಮಾತ್ರ ಎದ್ದು, ಹಠ ಮಾಡುವ ಕೂಸನ್ನು ರಮಿಸುವ ದನಿಯಲ್ಲಿ, "ಬರ್ರಿ, ನಿಮ್ಮ ಅಂಗಡಿ ತೋರಸ್ರಿ. ಸ್ವಲ್ಪ ಗಾಳಿ ಸಿಗತೈತಿ," ಎಂದು ಕರೆದುಕೊಂಡು ಹೊರಗೆ ಬಂದರು.

ಅಂಗಡಿಯಲ್ಲಿ ಕಾಲಿಟ್ಟ ಮೇಲೆ ನನ್ನ ಎದೆ ತಿಳಿಯಾಯಿತು. ಅಲ್ಲಿ ಪ್ರಶ್ನೆಗೆ ನಾನು ಹೆದರುವವನಲ್ಲ. ಅವರು ಮೇಜಿನ ಮೇಲಿದ್ದ ಮೀಟರನ್ನು ಎತ್ತಿ ನೋಡಿ, ಅದರ ಮೇಲಿನ ಗುರುತೊಂದಕ್ಕೆ ಬೆರಳಿಟ್ಟು, "ಇದಕ್ಕ ನೀವು ಏನಂತೀರಿ?" ಎಂದರು.

"ಲಾಳ ಅಂತೇವ್ರಿ. ಎತ್ತಿನ ಲಾಳ ಇದ್ದಂಗ ಐತಲ್ಲ. ಗುಂಡಿ ತಿರುವಿ ಲಾಳಕ್ಕ ತಂದು ಹಚ್ಚಿದ್ರ ಕಾಯಿಲ್ ಸುಟ್ಟೈತೋ ಜೀವ ಐತೋ ತಿಳೀತೈತ್ರಿ." ಹೇಳುತ್ತ ನಿಂಗಪ್ಪನ ಮೋಟಾರಿಗೆ ಹಚ್ಚಿ ತೋರಿಸಿಯೂ ಬಿಟ್ಟೆ.

ಮಾಸ್ತರು ನನ್ನನ್ನೇ ನೋಡಿದರು. "ಇದು ದೊಡ್ಡಕ್ಷರದ ಓಮೆಗಾ ಐತ್ರಿ. ಒಳಗ ಬಾಯಿಪಾಠ ಒಪ್ಪಸಾಕತ್ತಿದ್ರಿ, ಇಲ್ಲಿ ಮೂವತ್ತು ವರ್ಷದಿಂದ ಇದರ ಮ್ಯಾಲ ಅನ್ನ ಉಣ್ಣಾಕತ್ತೀರಿ!" ಎಂದು ನಗಲು ಶುರು ಮಾಡಿದವರು ಮೋಟಾರಿನ ಮೇಲೆ ಕೂತರು. ನನಗೂ ನಗು ಬಂತು, ಆಮೇಲೆ ಅಳುವೂ ಬಂತು. ಈರಣ್ಣ ಹೇಳಿದ್ದು, ಪುಸ್ತಕ ತಂದದ್ದು, ಎಲ್ಲ ಒಪ್ಪಿಸಿಬಿಟ್ಟೆ.

"ನಾ ಯಾರಿಗೂ ಏನೂ ಕೇಳಿಲ್ಲ," ಎಂದರು ಅವರು. "ರಾಮದುರ್ಗದ ಆ ಹುಡಿಗಿಗೆ ಮದಿವಿ ಮನಸಿರಲಿಲ್ಲ. ನನ್ನ ಮುಂದ ಹೇಳಿದ್ಲು, ಒತ್ತಾಯ ಮಾಡಬ್ಯಾಡ್ರಿ ಅಂತ ಅವರಪ್ಪಗ ಹೇಳಿ ಬಂದೆ. ಊರಿಗೆ ಏನರ ಕಾರಣ ಹೇಳಬೇಕಲ್ಲ? ಕಿಟಕಿ ಕತಿ ಆ ಹುಡಿಗಿ ಅಪ್ಪ ಕಟ್ಟಿದ್ದು. ಹುಡಿಗಿ ಹೆಸರು ಕೆಡೂದಕ್ಕಿಂತ ನನ್ನ ಹೆಸರು ಕೆಡಲಿ ಅಂತ ನಾನೂ ಸುಮ್ನಾದೆ."

ಇಂಥ ಮನುಷ್ಯನಿಗೆ ನಾನು ಲಂಬೂ ಎಂದಿದ್ದೆ. ಒಳಗೆ ಬಂದಾಗ ಅವರ ಹೆಂಡತಿಗೆ ಅವರೇ ಎಲ್ಲ ತಿಳಿಸಿ ಹೇಳಿದರು. ಆ ತಾಯಿ ಸೆರಗು ಬಾಯಿಗೆ ಹಿಡಿದು ನಕ್ಕರು. ರೂಪಾ ಮುಖ ಒರೆಸಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕಳು. ಈರಣ್ಣ ಮಾತ್ರ ಬಸ್ಸಿನ ಹೊತ್ತಾಯಿತೆಂದು ಚಪ್ಪಲಿ ಹುಡುಕತೊಡಗಿದ.

ಹೋಳಿಗೆ ಊಟವಾಯಿತು. ಎಲೆಅಡಿಕೆ ಬಂದ ಮೇಲೆ ಮಾಸ್ತರು ಪಂಚೆ ಸರಿಮಾಡಿಕೊಂಡು ನೆಟ್ಟಗೆ ಕೂತರು. "ಬೀಗರ, ಇಷ್ಟೆಲ್ಲಾ ಓದೀರಿ. ಪ್ರಶ್ನಿ ಕೇಳದ ಹೋದ್ರ ನಿಮಗ ಅನ್ಯಾಯ ಆಗತೈತಿ. ಒಂದ ಒಂದು ಕೇಳತೇನಿ."

ನಾನು ಕೈ ಕಟ್ಟಿಕೊಂಡೆ.

"ನಿಮ್ಮ ಮಗಳನ್ನ ನಮ್ಮ ಮನಿಗೆ ಕೊಡತೀರೇನ್ರಿ?"

ಉತ್ತರ ಗೊತ್ತಿತ್ತು, ಆದರೆ ಬಾಯಿ ತೆರೆದರೆ ಮತ್ತೆ ಆಲ್ಫಾ ಬಂದೀತೆಂದು ತುಟಿ ಬಿಗಿಹಿಡಿದೆ. ಬಾಗಿಲಲ್ಲಿ ನಿಂತ ಮಗಳ ಮುಖ ನೋಡುತ್ತ ಕೂತೆ. ಪಕ್ಕದಲ್ಲಿದ್ದ ಶಾಂತಾ ಮೊಳಕೈಯಿಂದ ತಿವಿದು, ತುಟಿ ಅಲುಗಿಸದೆ, "ಹೂಂ ಅನ್ರಿ," ಎಂದಳು.

"ಹೂಂ," ಎಂದೆ.

ಹೀಗೆ ಎಂಟು ದಿನ ಅಭ್ಯಾಸ ಮಾಡಿ ಕೂತ ಪರೀಕ್ಷೆಯಲ್ಲಿ ಬಂದ ಒಂದೇ ಒಂದು ಪ್ರಶ್ನೆಗೆ, ಅದೂ ಒಂದೇ ಅಕ್ಷರದ ಉತ್ತರಕ್ಕೆ, ಹೆಂಡತಿಯದನ್ನು ಕಾಪಿ ಹೊಡೆದು ಪಾಸಾದೆ.