ಹೀರೋನ ಹಾಡೆಲ್ಲ ನಮ್ಮ ಚಿಕ್ಕಮ್ಮನವೇ

ಸಿನಿಮಾದ ಪ್ರೇಮಗೀತೆಗಳೆಲ್ಲ ತನಗಾಗಿಯೇ ಹುಟ್ಟಿದವು ಎಂದು ನಂಬಿದ ಹೆಂಗಸೊಬ್ಬಳು ಹೊಸಪೇಟೆಯಲ್ಲಿದ್ದಾಳೆ. ನನ್ನ ಗ್ರಹಚಾರಕ್ಕೆ ಅವಳು ನಮ್ಮ ಚಿಕ್ಕಮ್ಮ! ಬಸ್ ಸ್ಟ್ಯಾಂಡಿನ ಹಿಂದೆ ಬ್ಲೌಸ್ ಹೊಲಿಯುವ ಅಂಗಡಿ ಅವಳದು. ರೇಡಿಯೋದಲ್ಲಿ ಯುಗಳಗೀತೆ ಬಂತೋ, ಮಷಿನ್ ನಿಲ್ಲಿಸಿ, ಎದೆಯ ಮೇಲೆ ಕೈಯಿಟ್ಟು ಹೀರೋನ ಸಾಲುಗಳನ್ನೇ ಹಾಡುತ್ತಾಳೆ. ಅಳತೆ ಕೊಡಲು ಬಂದವರು ಚರಣ ಮುಗಿಯುವ ತನಕ ಕೈ ಅಗಲಿಸಿಕೊಂಡು ನಿಂತಿರಬೇಕು.

"ಚಿಕ್ಕಮ್ಮ, ಅದು ಹೀರೋ ಹುಡುಗಿಗೆ ಹಾಡಿದ್ದು!"

"ಅಂವ ರೊಕ್ಕ ತಗೊಂಡು ಹಾಡ್ಯಾನ, ನಾ ಪುಕ್ಕಟೆ ಹಾಡಾಕತ್ತೀನಿ. ಖರೇ ಪ್ರೀತಿ ಯಾರ್ದು, ಹೇಳಲೇ?"

ಇಂಥವಳ ಜೊತೆ ವಾದ ಮಾಡುವುದುಂಟೇ?

ಅವಳ ಹಾಡೆಲ್ಲ ಶಾರದಕ್ಕನಿಗೆ. ಶಾರದಕ್ಕ ದೋಣಿಮಲೈ ಕಡೆ ನರ್ಸ್. ನಾನು ಲಂಗ ಹಾಕುತ್ತಿದ್ದ ಕಾಲದಿಂದ ಇಬ್ಬರೂ ಮಲಪನಗುಡಿಯಲ್ಲಿ ಒಂದೇ ಮನೆಯಲ್ಲಿದ್ದಾರೆ. ಹೀರೋ ಊರನ್ನೆಲ್ಲ ಎದುರು ಹಾಕಿಕೊಳ್ಳುವ ಹಾಡು ಬಂದಾಗ ಚಿಕ್ಕಮ್ಮ, "ಶಾರದಾ, ಇದು ನಮ್ಮ ಕತಿ" ಎಂದಳು. "ಅಂವ ಹತ್ತು ಮಂದಿ ರೌಡಿಗಳನ್ನ ಹೊಡಿತಾನ. ನೀ ಹಲ್ಲಿ ಕಂಡ್ರ ಮಂಚ ಏರ್ತಿ" ಎಂದಳು ಶಾರದಕ್ಕ.

ನೆಂಟರಿಗೆ ಮಾತ್ರ ಶಾರದಕ್ಕ 'ಬಾಡಿಗಿ ಹಂಚ್ಕೊಳ್ಳಾಕಿ'. ಯಾವ ಬಾಡಿಗೆ? ಆ ಮನೆ ಅವರ ಸ್ವಂತದ್ದು! ನನಗೆ ಮೈ ಉರಿಯುವುದೇ ಇಲ್ಲಿ. ನಮ್ಮ ಸೋದರಮಾವ ಹೆಂಡತಿ ಬಡಿದ ಬಿಸಿ ರೊಟ್ಟಿ ತಿಂದುಕೊಂಡೇ ವಿರಹಗೀತೆ ಹಾಡಿ ಅಳುತ್ತಾನೆ. ಯಾರು ಬಿಟ್ಟುಹೋದರು ಅವನನ್ನು? ಒಬ್ಬರಾದರೂ ಕೇಳಿದ್ದಾರೆಯೇ? ಚಿಕ್ಕಮ್ಮ ಬಾಯಿ ತೆರೆದರೆ ಮಾತ್ರ ಎಲ್ಲರಿಗೂ ಸಾಲುಸಾಲಿನ ಅರ್ಥ ಬೇಕು. ಥೂ! ನಮ್ಮವ್ವನೂ ಕಡಿಮೆಯಿಲ್ಲ. ಒಡಹುಟ್ಟಿದ ತಂಗಿಯ ಮನೆಯ ಹೊಸ್ತಿಲನ್ನು ಒಮ್ಮೆಯೂ ತುಳಿದಿರಲಿಲ್ಲ.

"ಹಾಡಿನ್ಯಾಗ ಯಾಕ? ಬಾಯಿಬಿಟ್ಟು ಹೇಳಿಬಿಡು" ಎಂದು ಒಮ್ಮೆ ಚಿಕ್ಕಮ್ಮನ ಮೇಲೆ ರೇಗಿದೆ.

"ನಾ ಹುಡುಗಿ ಇದ್ದಾಗ ನನ್ನಂಥಾಕಿಗೆ ಈ ಊರಾಗ ಒಂದು ಮಾತೂ ಇರಲಿಲ್ಲಲೇ. ರೇಡಿಯೋದಾಗ ಇತ್ತು. ಅದನ್ನ ತಗೊಂಡೆ" ಎಂದಳು.

ಮೊನ್ನೆ ಕಂಪ್ಲಿಯಲ್ಲಿ ಮಾವನ ಮಗಳ ಮದುವೆ. ಅಕ್ಷತೆ ಮುಗಿದ ಮೇಲೆ ಹೆಂಗಸರು ಸುತ್ತ ಕೂತು ಒಡಪು ಹೇಳಿಸತೊಡಗಿದರು. ಒಡಪು ಕಟ್ಟಿ ಗಂಡನ ಹೆಸರು ಹೇಳಿದವರಿಗೆ ಅವ್ವ ಉಡಿ ತುಂಬುತ್ತಿದ್ದಳು. ಮಾವನ ಹೆಂಡತಿ, ನಮ್ಮ ಅತ್ತೆಗೆ ನಾಲಿಗೆ ತುರಿಸಿತು.

"ಶಾರದಾ, ನೀವು ಯಾರ ಹೆಸರು ಹೇಳ್ತೀರಿ? ಮನಿ ಮಾಲಕರದಾ?"

ಎಲ್ಲರೂ ಕಿಸಕ್ಕನೆ ನಕ್ಕರು. ಜಗಳಕ್ಕೆ ನಾನು ಎದ್ದೇಬಿಟ್ಟೆ. ಚಿಕ್ಕಮ್ಮ ತಲೆ ತಗ್ಗಿಸಿ ಕೂತಿದ್ದಳು. ಅಷ್ಟರಲ್ಲಿ, ಜನ್ಮದಲ್ಲಿ ಒಂದು ಹಾಡೂ ಹೇಳದ ಶಾರದಕ್ಕ ಸೆರಗು ಸರಿಮಾಡಿಕೊಂಡು ನಿಂತಳು.

"ಹಗಲೆಲ್ಲಾ ಹಾಡು ಹೇಳ್ತಾಳ, ಸಾರಿಗೆ ಮರೀತಾಳ ಉಪ್ಪು,
ನಮ್ಮಾಕಿ ಹೆಸರು ಹೇಳ್ತೀನಿ, ಅದ್ರಾಗೇನೈತಿ ತಪ್ಪು?"

ಹಾಗೆಂದವಳೇ ಚಿಕ್ಕಮ್ಮನ ಹೆಸರನ್ನು ಗಟ್ಟಿಯಾಗಿ ಹೇಳಿದಳು.

ನಾನು ಅವ್ವನನ್ನೇ ನೋಡುತ್ತಿದ್ದೆ. ಅವ್ವ ತಟ್ಟೆ ಹಿಡಿದುಕೊಂಡು ಎದ್ದು ಬಂದಳು. "ಒಡಪು ಹೇಳ್ಯಾಳಲ್ಲ, ಮತ್ತ ಏನು ನೋಡಾಕತ್ತೀರಿ?" ಎಂದು ಅತ್ತೆಯನ್ನು ಗದರಿ, ಶಾರದಕ್ಕನ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿದಳು. ಆಮೇಲೆ ತಂಗಿಯ ಮುಂದೆ ನಿಂತಳು.

"ನೀನೂ ಸೆರಗು ಒಡ್ಡವಾ. ನನ್ನಿಂದ ಭಾಳ ತಡಾ ಆತು."

ಚಿಕ್ಕಮ್ಮ ಸೆರಗು ಒಡ್ಡಿದಳು. ಅವ್ವ ಅವಸರದಲ್ಲಿ ಸುರಿದು ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ಅಕ್ಕತಂಗಿಯರಿಬ್ಬರೂ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಅಳುತ್ತ, ಅದನ್ನು ಆರಿಸತೊಡಗಿದರು.