ಎರಡನೇ ಮದುವೆ ಮಾಡಿಸಿದ ಪ್ರೊಸೆಸರ್ ಮನೆತನಕ್ಕೆ

ಅಗ್ಗದ ಡೆಸ್ಕ್‌ಟಾಪ್ ಕಂಪ್ಯೂಟರುಗಳ ಒಳಗೆ ತಲೆಮಾರುಗಳಿಂದ ನೆಲೆಸಿರುವ ಪ್ರೊಸೆಸರ್ ಮನೆತನದ ಹಿರಿಯರಿಗೂ ಕಿರಿಯರಿಗೂ ಡೊಂಬಿವಲಿ ಪೂರ್ವದ ವನಮಾಲಾಳ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ನಮ್ಮ ಕರಾವಳಿ ಕಡೆಯವರ ಮದುವೆ ಆಮಂತ್ರಣಗಳನ್ನು ಮನೆಯಲ್ಲೇ ಕೂತು ಕನ್ನಡದಲ್ಲಿ ಟೈಪ್ ಮಾಡಿಕೊಡುವುದು ನನ್ನ ಉದ್ಯೋಗ. 2003ರಲ್ಲಿ ಕಲ್ಯಾಣದ ಕಂಪ್ಯೂಟರ್ ಅಂಗಡಿಯ ಹೃಷೀಕೇಶ ತಮ್ಮ ಮನೆತನದ ಹಿರಿಯರೊಬ್ಬರನ್ನು ನನಗೆ ಪರಿಚಯಿಸಿದರು. ದುಬಾರಿ ಪ್ರೊಸೆಸರಿಗೂ ತಮಗೂ ರಕ್ತ ಒಂದೇ, ಕ್ಯಾಶ್ ಎಂಬ ಒಳಗಿನ ನೆನಪಿನ ಜಾಗ ಮಾತ್ರ ಸ್ವಲ್ಪ ಕಡಿಮೆ ಎಂದರು. ನನ್ನ ಪರ್ಸಿನಲ್ಲೂ ಕ್ಯಾಶ್ ಕಡಿಮೆಯೇ ಇದ್ದುದರಿಂದ ನಮ್ಮಿಬ್ಬರ ಜಾತಕ ಕೂಡಿಬಂತು.

ತಮ್ಮ ಸಾವಧಾನವನ್ನು ಎಷ್ಟು ಹೊಗಳಿದರೂ ಸಾಲದು. ಒಂದು ಗಣಪತಿ ಚಿತ್ರ ಪರದೆಯ ಮೇಲೆ ಕಿರೀಟದಿಂದ ಹೊಟ್ಟೆಗೆ ಇಳಿಯುವಷ್ಟರಲ್ಲಿ ನಾನು ಅನ್ನಕ್ಕಿಟ್ಟು, ಸಾರಿಗೆ ಒಗ್ಗರಣೆ ಹಾಕಿ ಬರುತ್ತಿದ್ದೆ. ಇದರಿಂದ ನಮ್ಮ ಮನೆಯ ಊಟ ಒಮ್ಮೆಯೂ ತಡವಾಗಲಿಲ್ಲ.

2007ರಲ್ಲಿ ಕಳವಾ ಊರಿನ ಶೈಲೇಶನ ಮದುವೆ ಬಂತು. ಅವನ ಅಣ್ಣ ಮುರಾರಿಯ ಮದುವೆಯ ಆಮಂತ್ರಣವನ್ನೂ ನಾನೇ ಮಾಡಿದ್ದೆನಾದ್ದರಿಂದ ಅದೇ ಫೈಲು ತೆರೆದು, ಹೊಸ ದಿನಾಂಕವನ್ನೂ ವಧು ಸಂಜನಾಳ ಹೆಸರನ್ನೂ ಹಾಕಿ ಸೇವ್ ಮಾಡಿದೆ. ಕೊನೆಗೆ ಮುರಾರಿಯನ್ನು ತೆಗೆದು ಶೈಲೇಶನನ್ನು ಕೂರಿಸಿ ಮತ್ತೆ ಸೇವ್ ಒತ್ತಿದಾಗ ತಾವು ಧ್ಯಾನಕ್ಕೆ ಕುಳಿತಿರಿ. ಮುಕ್ಕಾಲು ಗಂಟೆ ಕಾದು, ಸ್ವಿಚ್ ಆರಿಸಿ ಹಾಕಿ, ಫೈಲು ಇದೆಯೆಂಬ ಒಂದೇ ಧೈರ್ಯದಿಂದ, ತೆರೆದು ನೋಡದೆ, ಪೆನ್‌ಡ್ರೈವಿಗೆ ಇಳಿಸಿ ಠಾಣೆ ಶಹರದ ಪ್ರೆಸ್ಸಿಗೆ ಕೊಟ್ಟೆ. ಅಲ್ಲಿ ಕನ್ನಡ ಓದಬಲ್ಲವರು ಯಾರೂ ಇರಲಿಲ್ಲ. ಐನೂರು ಕಾರ್ಡು ಅಚ್ಚಾಯಿತು.

ಮೂರನೇ ದಿನ ಮುರಾರಿಯ ಹೆಂಡತಿ ರಮಿತಾ, ಕಂಕುಳಲ್ಲಿ ಮಗು, ಕೈಯಲ್ಲಿ ಕಾರ್ಡಿನ ಚೀಲ ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದಳು. ಕಾರ್ಡುಗಳ ಮೂಲೆಗೆ ಅರಿಸಿನ ಹಚ್ಚಲು ಕೂತಾಗ ಓದಿದಳಂತೆ.

"ಅಕ್ಕಾ, ನನ್ನ ಗಂಡನಿಗೆ ಇನ್ನೊಂದು ಮದುವೆ ಉಂಟು ಅಂತ ನಿಮ್ಮ ಕಾರ್ಡ್ ನೋಡಿಯೇ ನನಗೆ ಗೊತ್ತಾದದ್ದು."

ಅಷ್ಟರಲ್ಲಿ ಅವಳ ಮಾವ ನವಿ ಮುಂಬಯಿಯ ನೆಂಟರಿಗೆ ನಲವತ್ತು ಕಾರ್ಡು ಹಂಚಿಯೂ ಆಗಿತ್ತು. ನೆರುಳದ ಸೋದರಮಾವ ಫೋನು ಮಾಡಿ ಮುರಾರಿಗೆ ಅರ್ಧ ಗಂಟೆ ಬುದ್ಧಿ ಹೇಳಿದ್ದರು. ನಾನು ಅತ್ತುಬಿಟ್ಟೆ. ರಮಿತಾ ಅಳಲಿಲ್ಲ. ಮಗುವನ್ನು ನನ್ನ ಹಾಸಿಗೆಯಲ್ಲಿ ಮಲಗಿಸಿ ಗೋಂದು ಕೇಳಿದಳು. ಎರಡು ದಿನ ಕೂತು ಉಳಿದೆಲ್ಲ ಕಾರ್ಡುಗಳಲ್ಲಿ ಅವಳ ಗಂಡನ ಮೇಲೆ ಅವನ ತಮ್ಮನನ್ನು ಅಂಟಿಸಿದೆವು.

ಸುದ್ದಿ ಹರಡಿ ಆ ವರ್ಷ ನನಗೆ ಒಂದೇ ಒಂದು ಮದುವೆಯ ಕೆಲಸವೂ ಸಿಗಲಿಲ್ಲ. ಮರುವರ್ಷ ರಮಿತಾ ತಾನೇ ಬಂದು, ಇನ್ನು ಮುಂದೆ ಅಚ್ಚಿಗೆ ಹೋಗುವ ಮೊದಲು ತಾನು ಓದಿ ನೋಡುತ್ತೇನೆಂದಳು. ಅವಳು ಓದುತ್ತಾಳೆಂದು ತಿಳಿದ ಮೇಲೆ ಜನ ಮೆಲ್ಲಗೆ ಮರಳಿದರು. ಆಗಲೇ ತಮ್ಮ ಮನೆತನದಲ್ಲಿ ಎರಡು ಮೆದುಳಿನವರು ಹುಟ್ಟಿದ್ದರು. ಒಂದು ನಿಂತರೆ ಇನ್ನೊಂದು ನಡೆಯುತ್ತದೆಂದು ನಂಬಿ ತಂದೆವು. ಎರಡೂ ಜೊತೆಯಾಗಿಯೇ ನಿಲ್ಲುವ ಆ ಒಗ್ಗಟ್ಟನ್ನು ನಮ್ಮ ಹೌಸಿಂಗ್ ಸೊಸೈಟಿಯಲ್ಲೂ ನಾನು ಕಂಡಿಲ್ಲ.

ಈಗ, 2015ರಲ್ಲಿ, ನಾಲ್ಕು ಮೆದುಳಿನವರು ಬಂದಿದ್ದೀರಿ. ಗಣಪತಿ ಕಣ್ಣು ಮಿಟುಕಿಸುವಷ್ಟರಲ್ಲಿ ಪ್ರತ್ಯಕ್ಷ. ನಾನು ಮಾಡಿದ ತಪ್ಪೂ ಅಷ್ಟೇ ವೇಗದಲ್ಲಿ ಭದ್ರ. ತಮ್ಮಲ್ಲೊಬ್ಬರು ದಯವಿಟ್ಟು ನೆರುಳಕ್ಕೆ ಹೋಗಿ, ಇಂದಿಗೂ ಮುರಾರಿಯನ್ನು ಅನುಮಾನದಿಂದ ನೋಡುವ ಆ ಸೋದರಮಾವನಿಗೆ ನಡೆದದ್ದನ್ನು ಖುದ್ದಾಗಿ ವಿವರಿಸಬೇಕೆಂದು ಪ್ರಾರ್ಥನೆ.

ಪ್ರತಿ ಸಾಲಿಗೊಮ್ಮೆ ಸೇವ್ ಒತ್ತುತ್ತಲೇ ಇದನ್ನು ಬರೆದ,
ತಮ್ಮ ವಿಶ್ವಾಸಿ,
ವನಮಾಲಾ

ತಾ.ಕ.: ಈಚೆಗೆ ಘೋಡಬಂದರ್ ರಸ್ತೆಯ ಗಿರಾಕಿಯೊಬ್ಬರು ಕಾರ್ಡು ಬೇಡ, ಆಮಂತ್ರಣವನ್ನು ಮೊಬೈಲಿನಲ್ಲೇ ಮಾಡಿ ಕಳಿಸಿದೆವು ಎಂದರು. ತಾವು ಹನ್ನೆರಡು ವರ್ಷ ಶ್ರಮಪಟ್ಟು ಓಡಲು ಕಲಿತಿರಿ, ಅಭಿನಂದನೆಗಳು. ಓಟದ ಸ್ಪರ್ಧೆ ಮುಗಿದುಹೋಯಿತು.